ಚಿಂಗ್‌ಹಾವ್ ಮೂಲಿಕೆಯೂ ಒಂದು ಪ್ರಾಚೀನ ಯೋಗವೂ

ಚೀನದ ಗೆ ಹುಂಗ್ ಎಂಬ ವಿದ್ವಾಂಸನು ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ತುರ್ತು ಚಿಕಿತ್ಸೆಗೆ ಒದಗುವಂಥ ಒಂದು ಯೋಗಸಂಗ್ರಹವನ್ನು ರಚಿಸಿದನು. ಮರುಕಳಿಸುವ ಚಳಿಜ್ವರಕ್ಕೆ ಅದರಲ್ಲಿ ಹೇಳಿರುವ ಅನೇಕ ಯೋಗಗಳ ನಡುವೆ ಒಂದು ಅತ್ಯಂತ ಸರಳವಾದುದು: ಒಂದು ಹಿಡಿ ಚಿಂಗ್‌ಹಾವನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ಆ ರಸವನ್ನು ಕುಡಿಯಬೇಕು. ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆತ ಮೇಲೆ ಈ ಯೋಗವು ಲೋಕಪ್ರಸಿದ್ಧವಾಯಿತು. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಕೆಲವರು ಹಿಗ್ಗಿದರು. ಇದೆಲ್ಲ ಕಾಕತಾಳೀಯವೆಂದು ಮತ್ತೆ ಕೆಲವರು ತಳ್ಳಿಹಾಕಿದರು. ಈ ಎರಡು ಮಾತುಗಳನ್ನೂ ಒಪ್ಪಲು ನಮಗೆ ಸಾಧ್ಯವಾಗದು.

ವಿಯೆಟ್ನಾಂ ಯುದ್ಧದಲ್ಲಿ ಮಲೇರಿಯಾ ಸೈನಿಕರನ್ನು ಪೀಡಿಸುತ್ತಿದ್ದಾಗ, 1967ರ ಮೇ 23ರಂದು ಚೀನ ಸರ್ಕಾರವು ಗುಪ್ತವಾದ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ತಿಂಗಳು ಮತ್ತು ದಿನಾಂಕಗಳಿಂದಲೇ ಅದಕ್ಕೆ 523 ಎಂಬ ಹೆಸರು ಬಂದಿತು. 1969ರಲ್ಲಿ ಇದನ್ನು ಸೇರಿದ ತು ಯೂಯೂ ಮತ್ತು ಅವರ ಸಂಗಡಿಗರು ಬೀಜಿಂಗಿನಲ್ಲಿ ಸುಮಾರು 2,000 ಯೋಗಗಳನ್ನು ಕಲೆಹಾಕಿದರು. ಚಿಂಗ್‌ಹಾವಿನ ಸಾರವು ಮೊದಲು ಆಸೆ ಹುಟ್ಟಿಸಿತಾದರೂ ಆ ಫಲವು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಆಗ ಅವರು ಗೆ ಹುಂಗನ ಗ್ರಂಥವನ್ನು ಮತ್ತೆ ತೆರೆದರು. ಚೀನದ ವೈದ್ಯದಲ್ಲಿ ಮೂಲಿಕೆಗಳನ್ನು ಕುದಿಸಿ ಕಷಾಯ ಮಾಡುವುದೇ ರೂಢಿ. ಇಲ್ಲಿಯೋ ಬೆಂಕಿಯ ಸುದ್ದಿಯೇ ಇಲ್ಲ! ಶಾಖದಿಂದ ಔಷಧಗುಣವು ಕೆಡುತ್ತಿರಬಹುದೆಂದು ಊಹಿಸಿ, ಸುಮಾರು 35 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುವ ಈಥರಿನಿಂದ ಸಾರವನ್ನು ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿಯು ಪ್ರಯೋಗದ ಇಲಿಗಳಲ್ಲಿದ್ದ ಮಲೇರಿಯಾ ಪರೋಪಜೀವಿಗಳನ್ನು ಸಂಪೂರ್ಣವಾಗಿ ಅಡಗಿಸಿತು.

ಆದರೆ ಗೆ ಹುಂಗನು ಹೇಳಿದ್ದು ನೀರನ್ನು, ಈಥರನ್ನಲ್ಲ. ಆರ್ಟೆಮಿಸಿನಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಅಲ್ಲದೆ ಚಿಂಗ್‌ಹಾವ್ ಎಂಬ ಹೆಸರು ಒಂದೇ ಗಿಡಕ್ಕೆ ಸಲ್ಲುತ್ತಿರಲಿಲ್ಲ. ಅದರಲ್ಲಿ ಎರಡು ಬಗೆಗಳುಂಟೆಂದು ಹನ್ನೊಂದನೆಯ ಶತಮಾನದ ಷೆನ್ ಕುವೋ ಆಗಲೇ ಗುರುತಿಸಿದ್ದನು. ಬಳಕೆಗೆ ಸಾಲುವಷ್ಟು ಔಷಧವು ದೊರೆತುದು ಆರ್ಟೆಮಿಸಿಯ ಆನುವ ಎಂಬ ಜಾತಿಯಲ್ಲಿ. ಆದ್ದರಿಂದ ಹಳೆಯ ಗ್ರಂಥವು ಸಂಶೋಧಕರಿಗೆ ಸಿದ್ಧವಾದ ಔಷಧವನ್ನು ಕೊಡಲಿಲ್ಲ. ಕಾಯಿಸುವ ರೂಢಿಯ ವಿಷಯದಲ್ಲಿ ಒಂದು ಸಂಶಯವನ್ನು ಕೊಟ್ಟಿತು. ಅದೇನು ಸಣ್ಣ ಕಾಣಿಕೆಯಲ್ಲ. ಆದರೆ ಸೋತ ಪ್ರಯೋಗಗಳು ಬೆನ್ನಿಗಿಲ್ಲದೆ ಓದಿದ್ದರೆ ಆ ಸಂಶಯವು ಯಾರಿಗೂ ಹೊಳೆಯುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

1972ರಲ್ಲಿ ತು ಯೂಯೂ ಮತ್ತು ಇಬ್ಬರು ಸಂಗಡಿಗರು ಮೊದಲು ತಾವೇ ಆ ಸಾರವನ್ನು ಸೇವಿಸಿ ನೋಡಿದರು. ಬಳಿಕ ಹೈನಾನ್ ದ್ವೀಪದ ರೋಗಿಗಳಿಗೆ ಕೊಟ್ಟರು. ಅದೇ ವರ್ಷ ಶುದ್ಧ ಹರಳುಗಳು ದೊರೆತವು. ಆರ್ಟೆಮಿಸಿನಿನ್ನಿನ ಅಣುರಚನೆಯನ್ನು ತಿಳಿಸುವ ಲೇಖನವು 1977ರಲ್ಲಿ ಪ್ರಕಟವಾದಾಗ ಅದರಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ, ಸಂಶೋಧನಾ ತಂಡದ ಹೆಸರು ಮಾತ್ರವಿತ್ತು. ಯುನ್ನಾನ್ ಮತ್ತು ಷಾಂಡುಂಗ್ ಪ್ರಾಂತ್ಯಗಳಲ್ಲಿ ದುಡಿದವರ ಪಾಲೆಷ್ಟೆಂಬ ಚರ್ಚೆಯು ನೊಬೆಲ್ ಪಾರಿತೋಷಕದ ತರುವಾಯವೂ ಮುಗಿದಿಲ್ಲ.