ಅಪೊಮ್ಯಾಟಕ್ಸ್: ಕಚೇರಿ ಎದ್ದುಹೋದ ಊರು

ಅಮೆರಿಕದ ವರ್ಜೀನಿಯಾ ರಾಜ್ಯದ ಅಪೊಮ್ಯಾಟಕ್ಸ್ ಕೌಂಟಿ 1845ರಲ್ಲಿ ಬಕಿಂಗ್‌ಹ್ಯಾಮ್, ಪ್ರಿನ್ಸ್ ಎಡ್ವರ್ಡ್, ಷಾರ್ಲಟ್ ಮತ್ತು ಕ್ಯಾಂಪ್‌ಬೆಲ್ ಕೌಂಟಿಗಳಿಂದ ಒಂದಿಷ್ಟು ಭೂಭಾಗ ಬಿಡಿಸಿಕೊಂಡು ರಚನೆಯಾಯಿತು. ಕೌಂಟಿಯೆಂದರೆ ತೆರಿಗೆ, ನ್ಯಾಯ, ರಸ್ತೆ ಮೊದಲಾದವನ್ನು ರಾಜ್ಯದ ಅಧೀನದಲ್ಲಿ ನೋಡಿಕೊಳ್ಳುವ ಸ್ಥಳೀಯ ಆಡಳಿತ ಘಟಕ. ರಿಚ್‌ಮಂಡ್‌ನಿಂದ ಲಿಂಚ್‌ಬರ್ಗ್‌ಗೆ ಹೋಗುವ ಸಾರೋಟಿನ ದಾರಿಯಲ್ಲಿ, 1819ರ ಒಂದು ಪ್ರಯಾಣಿಕರ ವಸತಿಗೃಹದ ಸುತ್ತ ಬೆಳೆದಿದ್ದ ಕ್ಲೋವರ್ ಹಿಲ್ ಎಂಬ ಹಳ್ಳಿ ಅದರ ಆಡಳಿತ ಕೇಂದ್ರವಾಯಿತು; 1846ರಲ್ಲಿ ಅಲ್ಲಿ ಇಟ್ಟಿಗೆಯ ನ್ಯಾಯಾಲಯ ಎದ್ದ ಮೇಲೆ, ವರ್ಜೀನಿಯಾದ ರೂಢಿಯಂತೆ ಹಳ್ಳಿಗೂ ‘ಅಪೊಮ್ಯಾಟಕ್ಸ್ ಕೋರ್ಟ್ ಹೌಸ್’ ಎಂಬ ಹೆಸರು ನಿಂತಿತು.

ಆ ಕಟ್ಟಡದಲ್ಲಿ ಸೇರುತ್ತಿದ್ದ ‘ಕೌಂಟಿ ಕೋರ್ಟ್’ ವ್ಯಾಜ್ಯ ತೀರಿಸುವುದಕ್ಕಷ್ಟೇ ಇದ್ದುದಲ್ಲ. ಕಾನೂನು ಓದಿರಲೇಬೇಕೆಂಬ ನಿಯಮವಿಲ್ಲದ, ಹೆಚ್ಚಾಗಿ ಜಮೀನ್ದಾರರೇ ಆಗಿದ್ದ ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳು ಅಲ್ಲಿಯೇ ಸ್ಥಳೀಯ ತೆರಿಗೆ ನಿಗದಿಪಡಿಸಿ, ರಸ್ತೆ ಕೆಲಸ ಹಂಚಿ, ಹೆಂಡದಂಗಡಿಗೆ ಪರವಾನಗಿ ಕೊಟ್ಟು, ಮರಣಶಾಸನಗಳನ್ನು ದಾಖಲಿಸುತ್ತಿದ್ದರು. 1851ರ ರಾಜ್ಯ ಸಂವಿಧಾನ ಈ ಹುದ್ದೆಗಳನ್ನು ಚುನಾವಣೆಗೆ ಒಳಪಡಿಸುವವರೆಗೆ, ಖಾಲಿಯಾದ ಸ್ಥಾನಕ್ಕೆ ಹಾಲಿ ಇದ್ದವರೇ ಹೆಸರು ಸೂಚಿಸಿ ಗವರ್ನರ್ ನೇಮಿಸುವ ಪದ್ಧತಿಯಿದ್ದುದರಿಂದ, ಅಧಿಕಾರ ಕೆಲವೇ ಮನೆತನಗಳೊಳಗೆ ಸುತ್ತುತ್ತಿತ್ತು. ತಿಂಗಳಿಗೊಮ್ಮೆ ಕೋರ್ಟು ಸೇರುವ ದಿನ ಸಾಲ ವಸೂಲಿ, ಕುದುರೆ ವ್ಯಾಪಾರ, ರಾಜಕೀಯ ಭಾಷಣ ಎಲ್ಲವೂ ಅದರ ಅಂಗಳದಲ್ಲೇ ನಡೆಯುತ್ತಿದ್ದವು. ಮತದಾನವೂ ಗುಟ್ಟಿನದಾಗಿರಲಿಲ್ಲ: ಮತದಾರ ಅಧಿಕಾರಿಗಳ ಮುಂದೆ ನಿಂತು ತನ್ನ ಅಭ್ಯರ್ಥಿಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು, ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ, ಸಾಲ ಕೊಟ್ಟ ಧಣಿ ಎದುರಿಗೇ ನಿಂತಿರುವಾಗ ಇಂಥ ಮತ ಎಷ್ಟು ಸ್ವತಂತ್ರವಾಗಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. 1860ರಲ್ಲಿ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದು, ಅವರಿಗೆ ಮತವಿರಲಿಲ್ಲ. ಘೋರ ಅಪರಾಧದ ಆರೋಪ ಬಂದರೆ ಬಿಳಿಯರಿಗಿದ್ದ ಜ್ಯೂರಿಯ ಹಕ್ಕೂ ಇಲ್ಲದೆ, ಈ ನ್ಯಾಯಾಧಿಕಾರಿಗಳೇ ಅವರ ವಿಚಾರಣೆ ಮುಗಿಸುತ್ತಿದ್ದರು.

ಹಳ್ಳಿಯ ಇಳಿಗಾಲ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕಿಂತ ಮೊದಲೇ ಆರಂಭವಾಗಿತ್ತು. 1854ರಲ್ಲಿ ಪೂರ್ಣಗೊಂಡ ಸೌತ್ ಸೈಡ್ ರೈಲುಮಾರ್ಗ ಊರನ್ನು ಮುಟ್ಟದೆ ಸುಮಾರು 3 ಮೈಲಿ ದೂರದಲ್ಲಿ ಹಾದುಹೋದ್ದರಿಂದ, ವ್ಯಾಪಾರ ನಿಲ್ದಾಣದ ಕಡೆಗೆ ಜಾರಿತು. 1865ರ ಏಪ್ರಿಲ್ 8ರಂದು ದಕ್ಷಿಣದ ಸೇನಾಪತಿ ಜನರಲ್ ಲೀ ಅವರ ಹಸಿದ ಸೇನೆಗೆ ಬಂದಿದ್ದ ಸಾಮಗ್ರಿಯ ರೈಲುಗಳನ್ನು ಉತ್ತರದ ಅಶ್ವದಳ ವಶಪಡಿಸಿಕೊಂಡದ್ದೂ ಆ ನಿಲ್ದಾಣದಲ್ಲಿಯೇ. ಮರುದಿನ ಲೀ ಉತ್ತರದ ಸೇನಾಪತಿ ಗ್ರಾಂಟ್‌ಗೆ ಶರಣಾದದ್ದು ವಿಲ್ಮರ್ ಮ್ಯಾಕ್ಲೀನ್ ಎಂಬವರ ಮನೆಯ ಪಡಸಾಲೆಯಲ್ಲಿ. ಭಾನುವಾರವಾದ್ದರಿಂದ ನ್ಯಾಯಾಲಯ ಮುಚ್ಚಿತ್ತು. ಊರನ್ನು ಜಗತ್ತಿಗೆ ಪರಿಚಯಿಸಿದ ಘಟನೆಯಲ್ಲಿ ಅದರ ಕೋರ್ಟಿಗೆ ಪಾತ್ರವೇ ಇರಲಿಲ್ಲ.

1870ರ ಸಂವಿಧಾನ ಆಡಳಿತವನ್ನು ನ್ಯಾಯದಿಂದ ಬೇರ್ಪಡಿಸಿ, ಚುನಾಯಿತ ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’ ಎಂಬ ಮಂಡಳಿಗೆ ಒಪ್ಪಿಸಿತು. 1892ರಲ್ಲಿ ನ್ಯಾಯಾಲಯ ಸುಟ್ಟುಹೋದಾಗ, ಹೊಸ ಕಟ್ಟಡ ರೈಲು ನಿಲ್ದಾಣದ ಪೇಟೆಯಲ್ಲಿ ಎದ್ದು, ಕೌಂಟಿಯ ಕೇಂದ್ರವೂ ಅಲ್ಲಿಗೆ ಹೋಯಿತು. ಆದರೆ ಸ್ಥಳೀಯರ ಪಾಲಿಗೆ ಕಟ್ಟಡಕ್ಕಿಂತ ದೊಡ್ಡ ನಷ್ಟ ಕಾಗದಪತ್ರಗಳದ್ದು: ಕ್ರಯಪತ್ರ, ಮರಣಶಾಸನ, ತೀರ್ಪುಗಳು ಬಹುಪಾಲು ಬೂದಿಯಾದವು. ರಾಜ್ಯ ಸರ್ಕಾರಕ್ಕೆ ಸಲ್ಲುತ್ತಿದ್ದ ಭೂತೆರಿಗೆ ಪುಸ್ತಕಗಳು ಉಳಿದಿರುವುದರಿಂದ, ಅಲ್ಲಿನ ಹಳೆಯ ಹಿಡುವಳಿಗಳ ಜಾಡು ಹಿಡಿಯುವವರು ಇಂದಿಗೂ ಯಾರು ಎಷ್ಟು ಎಕರೆಗೆ ತೆರಿಗೆ ಕಟ್ಟಿದರೆಂಬ ಲೆಕ್ಕದಿಂದಲೇ ಆರಂಭಿಸಬೇಕಾಗುತ್ತದೆ.

ಈಗ ಹಳೆಯ ಹಳ್ಳಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಸ್ವಾಧೀನದಲ್ಲಿದ್ದು, 1960ರ ದಶಕದಲ್ಲಿ ಮರುನಿರ್ಮಿಸಿದ ನ್ಯಾಯಾಲಯ ಪ್ರವಾಸಿಗರ ಮಾಹಿತಿ ಕೇಂದ್ರವಾಗಿದೆ. ಕೌಂಟಿಯ ಆಯವ್ಯಯವನ್ನು ಪೇಟೆಯಲ್ಲಿ ಸೇರುವ ಸೂಪರ್‌ವೈಸರ್‌ಗಳ ಮಂಡಳಿ ಅಂಗೀಕರಿಸಿದರೆ, ಷೆರಿಫ್, ಖಜಾಂಚಿ, ತೆರಿಗೆ ಕಮಿಷನರ್, ಸರ್ಕಾರಿ ವಕೀಲ ಮತ್ತು ದಾಖಲೆಗಳ ಹೊಣೆ ಹೊತ್ತ ಕೋರ್ಟ್ ಕ್ಲರ್ಕ್ ಮಂಡಳಿಯ ಅಧೀನರಲ್ಲದೆ, ನೇರವಾಗಿ ಮತದಾರರಿಂದ ಆಯ್ಕೆಯಾಗುತ್ತಾರೆ.