‘ಲೂಯಿ ಲೂಯಿ’ ಗೀತದ ಪಾಠವಿಚಾರ

ಲಿಪಿಕಾರನ ಪ್ರಮಾದವು ಮೂಲಪಾಠವನ್ನು ಹೊರದೂಡಿ ತಾನೇ ಪಾಠವಾಗಿ ನಿಲ್ಲುವುದು ಗ್ರಂಥಸಂಪಾದಕರಿಗೆ ಹೊಸತಲ್ಲ. ಗಾನದಲ್ಲಿಯೂ ಹೀಗಾಗುವುದುಂಟೆಂಬುದಕ್ಕೆ ಅಮೆರಿಕದ ‘ಕಿಂಗ್ಸ್‌ಮೆನ್’ ಎಂಬ ತರುಣರ ಮೇಳದ ಚರಿತ್ರೆಯು ನಿದರ್ಶನವಾಗಿದೆ. ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಈ ಮೇಳದವರು ಬೇರೆ ಹಾಡುಗಳನ್ನು ಧ್ವನಿಮುದ್ರಿಸಿದ್ದರೂ ಲೋಕವು ಅವರನ್ನು ನೆನೆಯುವುದು ‘ಲೂಯಿ ಲೂಯಿ’ ಎಂಬ ಒಂದೇ ಗೀತದಿಂದ.

ಆ ಗೀತವಾದರೂ ಅವರ ರಚನೆಯಲ್ಲ. ಲಾಸ್ ಏಂಜಲಿಸ್ ನಗರದ ರಿಚರ್ಡ್ ಬೆರಿಯು ೧೯೫೫ರಲ್ಲಿ ಇದನ್ನು ರಚಿಸಿ ೧೯೫೭ರಲ್ಲಿ ಧ್ವನಿಮುದ್ರಿಸಿದನು. ಜಮೈಕಾದ ನಾವಿಕನೊಬ್ಬನು ಪಾನಶಾಲೆಯ ಪರಿಚಾರಕನೊಡನೆ ತನ್ನ ವಿರಹವನ್ನು ತೋಡಿಕೊಂಡು ಪ್ರಿಯೆಯಿರುವೆಡೆಗೆ ಹೊರಡುವೆನೆನ್ನುವುದು ಇದರ ವಸ್ತು. ಸಂದೇಶಕಾವ್ಯಗಳನ್ನೋದಿದವರಿಗೆ ಇದರಲ್ಲಿ ನಿಂದ್ಯವಾದುದೇನೂ ತೋರದು. ಬೆರಿಯು ಮದುವೆಯ ವೆಚ್ಚಕ್ಕಾಗಿ ಇದರ ಹಕ್ಕನ್ನು ೭೫೦ ಡಾಲರಿಗೆ ಮಾರಿಬಿಟ್ಟನು.

ಕಿಂಗ್ಸ್‌ಮೆನ್ ಮೇಳದವರು ಅನುಸರಿಸಿದುದು ಬೆರಿಯ ಪಾಠವನ್ನಲ್ಲ. ರಾಬಿನ್ ರಾಬರ್ಟ್ಸನು ೧೯೬೧ರಲ್ಲಿ ಹಾಡಿದ ಪಾಠಾಂತರವನ್ನು. ಅವರ ಧ್ವನಿಮುದ್ರಣವು ೧೯೬೩ನೆಯ ಏಪ್ರಿಲ್ ೬ರಂದು ನಡೆಯಿತು. ಧ್ವನಿಗ್ರಾಹಕವನ್ನು ಎತ್ತರದಲ್ಲಿ ತೂಗುಹಾಕಿದ್ದರು. ಗಾಯಕ ಜಾಕ್ ಈಲಿಯ ಹಲ್ಲುಗಳಿಗೆ ತಂತಿ ಬಿಗಿದಿತ್ತು. ಅವನು ಕತ್ತೆತ್ತಿ ಕೂಗಿ ಹಾಡಬೇಕಾಯಿತು. ವಾದ್ಯಘೋಷದಲ್ಲಿ ಅಕ್ಷರಗಳೆಲ್ಲ ಕಲಸಿಹೋದುವು. ಗಿಟಾರಿನ ಏಕವಾದನವಾದ ಮೇಲೆ ಅವನು ಎಡೆಯರಿಯದೆ ಮುಂಚಿತವಾಗಿ ಪದವನ್ನೆತ್ತಿ ತಟ್ಟನೆ ನಿಂತನು. ಡ್ರಮ್ಮಿನವನು ಆ ತೆರಪನ್ನು ಹೊಡೆತಗಳಿಂದ ತುಂಬಿದನು. ದೋಷವನ್ನು ತಿದ್ದದೆಯೇ ತಟ್ಟೆಯನ್ನು ಹೊರಡಿಸಿದರು. ಬಳಿಕ ಇದನ್ನು ಹಾಡಿದ ಕೆಲವು ಮೇಳಗಳು ಈ ತಪ್ಪನ್ನೂ ಶ್ರದ್ಧೆಯಿಂದ ಅನುಕರಿಸಿವೆ!

ತಟ್ಟೆಯು ಪ್ರಸಿದ್ಧವಾಗುವ ಮುನ್ನವೇ ಮೇಳವು ಒಡೆಯಿತು. ಡ್ರಮ್ಮಿನವನಾದ ಲಿನ್ ಈಸ್ಟನ್ನನು, ಮೇಳದ ಹೆಸರು ತನ್ನ ಸ್ವತ್ತಾಗಿ ನೋಂದಣಿಯಾಗಿದೆ, ಇನ್ನು ಹಾಡುವವನೂ ತಾನೇ ಎಂದನು, ಈಲಿಯು ಹೊರಬಿದ್ದನು. ೧೯೬೩ರ ಕೊನೆಯಲ್ಲಿ ಗೀತವು ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆಗ ದೂರದರ್ಶನದಲ್ಲಿ ತುಟಿಯಾಡಿಸಿದವನು ಈಸ್ಟನ್ನನು, ಕೇಳಿಬಂದ ಕಂಠವು ಈಲಿಯದು. ವ್ಯಾಜ್ಯವಾದ ಮೇಲೆ ತಟ್ಟೆಯ ಮೇಲೆ ಈಲಿಯ ಹೆಸರು ಮುದ್ರಿತವಾಯಿತು.

ಪಾಠವು ಅಸ್ಪಷ್ಟವಾದಲ್ಲಿ ಊಹೆಗೆ ಎಡೆಯಾಗುತ್ತದೆ. ಗೀತದಲ್ಲಿ ಅಶ್ಲೀಲವಡಗಿದೆಯೆಂದು ಸುದ್ದಿ ಹಬ್ಬಿ, ವಿದ್ಯಾರ್ಥಿಗಳು ತಟ್ಟೆಯನ್ನು ನಿಧಾನವಾಗಿ ತಿರುಗಿಸಿ ಕೇಳಿ, ಕಲ್ಪಿತ ಪಾಠಗಳನ್ನು ಬರೆದು ಕೈಯಿಂದ ಕೈಗೆ ದಾಟಿಸಿದರು. ಈ ಪ್ರತಿಗಳು ಒಂದರೊಡನೊಂದು ಕೂಡುತ್ತಿರಲಿಲ್ಲ. ಇವೆಲ್ಲ ಪ್ರಕ್ಷಿಪ್ತಗಳೆನ್ನಲು ಅಷ್ಟೇ ಸಾಕಾಗಿತ್ತು. ಆದರೆ ೧೯೬೪ರಲ್ಲಿ ಇಂಡಿಯಾನದ ಗವರ್ನರ್ ಮ್ಯಾಥ್ಯೂ ವೆಲ್ಷನು ಗೀತವನ್ನು ಬಿತ್ತರಿಸಬಾರದೆಂದು ಆಕಾಶವಾಣಿಯವರಲ್ಲಿ ಕೇಳಿಕೊಂಡನು. ತಂದೆತಾಯಿಗಳ ದೂರಿನ ಮೇಲೆ ಕೇಂದ್ರ ತನಿಖಾ ಇಲಾಖೆಯು ಎರಡು ವರ್ಷಕ್ಕೂ ಮೀರಿ ವಿಚಾರಣೆ ನಡೆಸಿತು. ಪ್ರಯೋಗಶಾಲೆಯಲ್ಲಿ ತಟ್ಟೆಯನ್ನು ನಾನಾ ವೇಗಗಳಲ್ಲಿ ನುಡಿಸಿದರು. ಯಾವ ವೇಗದಲ್ಲಿಯೂ ಪದಗಳು ತಿಳಿಯವೆಂಬುದೇ ನಿರ್ಣಯವಾಯಿತು. ಕರ್ತೃವಿನ ಸ್ಪಷ್ಟವಾದ ಪಾಠವು ಎದುರಿಗಿದ್ದರೂ ಶಂಕಿತರು ಅದನ್ನೊಪ್ಪಲಿಲ್ಲ. ತಮ್ಮ ಕಿವಿಯನ್ನೇ ಪ್ರಮಾಣವೆಂದು ಹಿಡಿದರು. ಈ ಕಲ್ಪಿತಾರ್ಥವೇ ತಟ್ಟೆಯ ಕೀರ್ತಿಯನ್ನು ಬೆಳೆಸಿತೆಂಬುದರಲ್ಲಿ ಸಂದೇಹವಿಲ್ಲ.

ಕೀರ್ತಿಯ ಫಲವು ಮಾತ್ರ ಪರರ ಪಾಲಾಯಿತು. ೧೯೬೮ರ ಒಡಂಬಡಿಕೆಯಂತೆ ಲಾಭದಲ್ಲಿ ನೂರಕ್ಕೆ ೯ರಂತೆ ಮೇಳದವರಿಗೆ ಸಲ್ಲಬೇಕಾಗಿತ್ತು. ಒಂದು ಕಾಸೂ ಸಲ್ಲಲಿಲ್ಲ. ೧೯೯೩ರಲ್ಲಿ ಅವರು ದಾವೆ ಹೂಡಿದರು. ೧೯೯೮ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ರತಿವಾದಿಗಳ ಮೇಲ್ಮನವಿಯನ್ನೆತ್ತಿಕೊಳ್ಳಲು ಒಪ್ಪದಿರಲು, ಮೂಲಮುದ್ರಿಕೆಯ ಒಡೆತನವು ಅವರಿಗೆ ಸ್ಥಿರವಾಯಿತು. ಮಾರಿದ ಹಕ್ಕಿನಲ್ಲಿ ಒಂದಂಶವನ್ನು ೧೯೮೦ರ ದಶಕದಲ್ಲಿ ಮರಳಿ ಪಡೆದಿದ್ದ ಬೆರಿಯು ಹಿಂದಿನ ವರ್ಷವೇ ತೀರಿಕೊಂಡಿದ್ದನು.