ಜಟಾಯುವಿನ ಎದುರು ದಶಕಂಠ: ರಾವಣನ ಬಲ ನಿಜಕ್ಕೂ ಎಷ್ಟಿತ್ತು?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರಾವಣನಿಗೂ ಜಟಾಯುವಿಗೂ ಕಾಳಗ ನಡೆಯಿತು ಎಂಬುದು ಈ ಸೀಮೆಯ ನಂಬಿಕೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದವನನ್ನು ಮುದಿ ಹದ್ದು ಇಲ್ಲಿ ಅಡ್ಡಗಟ್ಟಿತು, ಇಲ್ಲಿಯೇ ಬಿದ್ದಿತು, ಮುಂದೆ ರಾಮ ಬಂದು ಲಿಂಗ ಸ್ಥಾಪಿಸಿದ ಎಂದು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಿರಿಯರು ಹೇಳುತ್ತಾರೆ. ರಾಮಾಯಣದ ಖಳನ ಬಲವನ್ನು ಅಳೆಯಲು ಲಂಕೆಯ ಯುದ್ಧಕ್ಕಿಂತ ಈ ಕಾಳಗವೇ ಒಳ್ಳೆಯ ಅಳತೆಗೋಲು. ಇಲ್ಲಿ ರಾವಣನ ಹಿಂದೆ ಸೈನ್ಯವಿರಲಿಲ್ಲ, ಕೋಟೆಯಿರಲಿಲ್ಲ, ತಮ್ಮ ಕುಂಭಕರ್ಣನಾಗಲಿ ಮಗ ಇಂದ್ರಜಿತುವಾಗಲಿ ಇರಲಿಲ್ಲ. ಇದ್ದದ್ದು ಅವನೊಬ್ಬನೇ.

ಬೆಟ್ಟ ಮತ್ತು ಅದರ ಹಳಮೆ

ಬ್ರಹ್ಮಗಿರಿ, ಸಿದ್ದಾಪುರಗಳಿಗೆ ಹತ್ತಿರದಲ್ಲೇ ಇರುವ ಈ ಕಲ್ಲುಬೆಟ್ಟ ಪುರಾಣಕ್ಕೆ ಮಾತ್ರ ಸೇರಿದ್ದಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಮೂರೂ ಕಡೆ ಅಶೋಕನ ಕಿರು ಬಂಡೆಶಾಸನಗಳನ್ನು ಪತ್ತೆಹಚ್ಚಿದರು. ಜಟಿಂಗ ರಾಮೇಶ್ವರದಲ್ಲಿ ಆ ಬರಹ ಇರುವ ಬಂಡೆಗೆ ಊರವರು ಇಟ್ಟ ಹೆಸರು ಬಳೆಗಾರನ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು ಬಂತು. ಶತಮಾನಗಳ ಕಾಲ ಕಾಲ್ತುಳಿತಕ್ಕೆ ಸಿಕ್ಕಿ ಅಕ್ಷರಗಳು ಬಹಳ ಸವೆದಿವೆ. ಬೆಟ್ಟದ ಮೇಲೆ ಕಲ್ಯಾಣದ ಚಾಲುಕ್ಯರ ಕಾಲದ, 11ನೆಯ ಶತಮಾನದ ಶಾಸನಗಳೂ ಇವೆ. ರಾಮೇಶ್ವರನ ಗುಡಿ ಅಷ್ಟು ಹಿಂದಿನಿಂದಲೂ ಹೆಸರಾದ ಕ್ಷೇತ್ರ.

ಜಟಾಯು ಬಿದ್ದ ಸ್ಥಳ ತಮ್ಮದೆಂದು ಹೇಳುವ ಊರುಗಳು ಬೇರೆಯೂ ಇವೆ. ಗಡಿಯಾಚೆ ಆಂಧ್ರದ ಲೇಪಾಕ್ಷಿಯಲ್ಲಿ ಇದೇ ಕಥೆ ಇದೆ. ಕೇರಳದ ಚಡಯಮಂಗಲದಲ್ಲಿ ಬಂಡೆಯ ನೆತ್ತಿಯ ಮೇಲೆ 200 ಅಡಿ ಉದ್ದದ ಜಟಾಯುವಿನ ಶಿಲ್ಪವನ್ನೇ ಮಲಗಿಸಿದ್ದಾರೆ. ಯಾವುದು ನಿಜವಾದ ಜಾಗವೆಂದು ಜಗಳವಾಡಬೇಕಿಲ್ಲ. ಸೋತ ಹಕ್ಕಿಯನ್ನು ಇಷ್ಟು ಊರುಗಳು ತಮ್ಮದೆಂದು ಅಪ್ಪಿಕೊಂಡಿವೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಂದು ಮುಹೂರ್ತದ ಕಾಳಗ

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಈ ಹೋರಾಟದ ವಿವರ ಹೆಜ್ಜೆಹೆಜ್ಜೆಯಾಗಿ ಬರುತ್ತದೆ. ನನಗೆ 60,000 ವರ್ಷ ವಯಸ್ಸಾಗಿದೆ, ನೀನು ಯುವಕ, ಕೈಯಲ್ಲಿ ಬಿಲ್ಲಿದೆ, ಮೈಗೆ ಕವಚವಿದೆ, ಏರಲು ರಥವಿದೆ, ಆದರೂ ಸೀತೆಯನ್ನು ಸುಮ್ಮನೆ ಒಯ್ಯಲು ಬಿಡೆನು ಎಂದು ಜಟಾಯು ಮೊದಲೇ ಹೇಳಿಬಿಡುತ್ತಾನೆ. ಇಬ್ಬರ ನಡುವಿನ ಅಂತರ ಇಷ್ಟು ಎಂಬುದು ಆಗಲೇ ತಿಳಿದುಹೋಗುತ್ತದೆ.

ರಾವಣ ಬಾಣಗಳ ಮಳೆ ಸುರಿಸಿದ. ಹಕ್ಕಿ ಅದನ್ನು ತಡೆದುಕೊಂಡು ಉಗುರುಗಳಿಂದ ಅವನ ಮೈ ಸೀಳಿತು, ಕಾಲಿನಿಂದ ಬಿಲ್ಲನ್ನು ಮುರಿಯಿತು. ಅವನು ಇನ್ನೊಂದು ಬಿಲ್ಲು ಹಿಡಿದ, ಅದೂ ಮುರಿಯಿತು. ಆಮೇಲೆ ಕವಚ ಒಡೆಯಿತು. ಪಿಶಾಚಿ ಮೋರೆಯ ಹೇಸರಗತ್ತೆಗಳು ಸತ್ತವು, ರಥ ಪುಡಿಯಾಯಿತು, ಛತ್ರ ಚಾಮರಗಳು ಉರುಳಿದವು, ಸಾರಥಿಯ ತಲೆಯನ್ನು ಹಕ್ಕಿ ಕೊಕ್ಕಿನಿಂದ ಕುಕ್ಕಿ ಹಾಕಿತು. ಮೂರು ಲೋಕ ನಡುಗಿಸಿದವನು ಸೀತೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ನೆಲಕ್ಕೆ ಬಿದ್ದ.

ಕಾಳಗ ಇಲ್ಲಿಗೇ ಮುಗಿದಿದ್ದರೆ ಗೆಲುವು ಜಟಾಯುವಿನದೇ. ಆದರೆ ಮುದಿ ಹಕ್ಕಿ ದಣಿದದ್ದನ್ನು ರಾವಣ ಗಮನಿಸಿದ. ಸೀತೆಯೊಡನೆ ಮತ್ತೆ ಮೇಲಕ್ಕೆ ಹಾರಿದ. ಜಟಾಯು ಹಿಂದಿನಿಂದ ಅವನ ಬೆನ್ನಿಗೆ ಎರಗಿ, ಕೂದಲು ಕಿತ್ತು, ಎಡಗಡೆಯ ಹತ್ತು ತೋಳುಗಳನ್ನೂ ಕತ್ತರಿಸಿಹಾಕಿದ. ಕತ್ತರಿಸಿದ ಕಡೆಯಲ್ಲೇ ಹೊಸ ತೋಳುಗಳು, ಹುತ್ತದಿಂದ ಹಾವು ಹೊರಬರುವಂತೆ, ಮೂಡಿ ಬಂದವು. ಕೊನೆಗೆ ರಾವಣ ಸೀತೆಯನ್ನು ಕೆಳಗೆ ಬಿಟ್ಟು ಮುಷ್ಟಿ, ಒದೆತಗಳಿಗೆ ಇಳಿಯಬೇಕಾಯಿತು. ಒಂದು ಮುಹೂರ್ತ, ಅಂದರೆ ಸುಮಾರು 48 ನಿಮಿಷ, ಇದು ನಡೆಯಿತು. ಆಮೇಲೆ ಅವನು ಕತ್ತಿ ಹಿರಿದು ಹಕ್ಕಿಯ ರೆಕ್ಕೆ, ಕಾಲು, ಪಕ್ಕೆಗಳನ್ನು ಕತ್ತರಿಸಿದ.

ಇದನ್ನು ಓದಿದಾಗ ಒಂದು ಮಾತು ಖಚಿತವಾಗುತ್ತದೆ. ಬಿಲ್ವಿದ್ಯೆಯಲ್ಲಾಗಲಿ ರಥದಲ್ಲಾಗಲಿ ಕೈಕೈ ಮಿಲಾಯಿಸಿದಾಗಲಾಗಲಿ ರಾವಣ ಜಟಾಯುವನ್ನು ಮೀರಿಸಲಿಲ್ಲ. ಅವನನ್ನು ಉಳಿಸಿದ್ದು ಎರಡು: ಕಡಿದರೂ ಮತ್ತೆ ಬೆಳೆಯುವ ಮೈ, ಎದುರಾಳಿಯ ಮುಪ್ಪು.

ವರದಲ್ಲಿ ಹಕ್ಕಿಗಳೂ ಇದ್ದವು

ಉತ್ತರಕಾಂಡದ ಪ್ರಕಾರ ರಾವಣ 10,000 ವರ್ಷ ತಪಸ್ಸು ಮಾಡಿದ. ಸಾವಿರ ವರ್ಷಕ್ಕೊಂದರಂತೆ ಒಂಬತ್ತು ತಲೆಗಳನ್ನು ಬೆಂಕಿಗೆ ಅರ್ಪಿಸಿ, ಹತ್ತನೆಯದನ್ನು ಕತ್ತರಿಸಲು ಹೊರಟಾಗ ಬ್ರಹ್ಮ ಕಾಣಿಸಿಕೊಂಡ. ದೇವ, ದೈತ್ಯ, ದಾನವ, ರಾಕ್ಷಸ, ಯಕ್ಷ, ನಾಗರಿಂದ ಸಾವು ಬರಬಾರದೆಂದು ಅವನು ಬೇಡಿದ. ಮೂಲ ಶ್ಲೋಕದ ಪಟ್ಟಿಯ ಆರಂಭದಲ್ಲೇ ಸುಪರ್ಣರೂ ಇದ್ದಾರೆ, ಅಂದರೆ ಗರುಡನ ಕುಲದವರು. ಮನುಷ್ಯರನ್ನು ಮಾತ್ರ ಹುಲ್ಲುಕಡ್ಡಿಯೆಂದು ಬಗೆದು ಬಿಟ್ಟ.

ಜಟಾಯು ಅರುಣನ ಮಗ, ಅರುಣ ಗರುಡನ ಅಣ್ಣ. ವರದ ಮಾತನ್ನು ಹಾಗೆಯೇ ತೆಗೆದುಕೊಂಡರೆ ಜಟಾಯು ರಾವಣನನ್ನು ಕೊಲ್ಲುವ ಹಾಗೇ ಇರಲಿಲ್ಲ. ತೋಳು ಎಷ್ಟು ಬಾರಿ ಕತ್ತರಿಸಿದರೂ ಫಲವಿಲ್ಲದ ಕಾಳಗ ಅದು. ವಯಸ್ಸು 60,000ದ ಬದಲು ಆರು ಸಾವಿರವಾಗಿದ್ದರೂ ಹಕ್ಕಿ ರಾವಣನನ್ನು ತಡೆದು ನಿಲ್ಲಿಸಬಹುದಿತ್ತು, ಮುಗಿಸಲಾಗುತ್ತಿರಲಿಲ್ಲ. ರಾವಣನ ಬಲದ ಲೆಕ್ಕ ಹಾಕುವವರು ಸಾಮಾನ್ಯವಾಗಿ ಮರೆಯುವ ಅಂಶ ಇದು. ಅವನಿಗೆ ಸಾವು ಬಾರದಿದ್ದುದನ್ನೇ ಅವನ ಶಕ್ತಿಯೆಂದು ಎಣಿಸುತ್ತೇವೆ. ಎರಡೂ ಬೇರೆ ಬೇರೆ.

ಸೋಲುಗಳು

ವರ ಪಡೆದ ಮೇಲೂ ರಾವಣ ಸೋತ ಪ್ರಸಂಗಗಳು ಉತ್ತರಕಾಂಡದಲ್ಲೇ ಇವೆ. ಕೈಲಾಸವನ್ನು ಎತ್ತಲು ಹೋದಾಗ ಶಿವ ಕಾಲ್ಬೆರಳಿನಿಂದ ಒತ್ತಿದ, ಕೈಗಳು ಅಡಿಯಲ್ಲಿ ಸಿಕ್ಕಿಬಿದ್ದವು. ಮಾಹಿಷ್ಮತಿಯ ಕಾರ್ತವೀರ್ಯಾರ್ಜುನ ಅವನನ್ನು ಕಟ್ಟಿಹಾಕಿದ, ಬಿಡಿಸಲು ಅಜ್ಜ ಪುಲಸ್ತ್ಯನೇ ಬರಬೇಕಾಯಿತು. ವಾಲಿ ಅವನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರದಿಂದ ಸಮುದ್ರಕ್ಕೆ ಹಾರಿ ಸಂಧ್ಯಾವಂದನೆ ಮುಗಿಸಿದ. ಕಾರ್ತವೀರ್ಯ, ವಾಲಿ ಇಬ್ಬರ ಹತ್ತಿರವೂ ರಾವಣ ಕೊನೆಗೆ ಸ್ನೇಹ ಬೆಳೆಸಿದ. ತನಗಿಂತ ಬಲವಂತ ಯಾರೆಂದು ಗುರುತಿಸುವ ಬುದ್ಧಿ ಅವನಿಗೆ ಇತ್ತು, ರಾಮನ ವಿಷಯದಲ್ಲಿ ಅದು ಕೆಲಸ ಮಾಡಲಿಲ್ಲ.

ಯುದ್ಧಕಾಂಡದಲ್ಲಿ ಅವನು ಲಕ್ಷ್ಮಣನನ್ನು ಶಕ್ತಿಯಿಂದ ಹೊಡೆದು ಕೆಡವಿದ, ಆದರೆ ಬಿದ್ದ ದೇಹವನ್ನು ಎತ್ತಲಾಗಲಿಲ್ಲ. ಹನುಮಂತ ಎತ್ತಿಕೊಂಡು ಹೋದ. ಅದೇ ದಿನ ರಾಮ ಅವನ ರಥ ಮುರಿದು, ಕಿರೀಟ ಕತ್ತರಿಸಿ, ದಣಿದಿದ್ದೀಯೆ, ಹೋಗಿ ಸುಧಾರಿಸಿಕೊಂಡು ಬಾ ಎಂದು ಕಳಿಸಿದ.

ಮೈಮೇಲಿನ ಗುರುತುಗಳು

ಹಾಗೆಂದು ರಾವಣನನ್ನು ಬಡಾಯಿಗಾರನೆಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಸುಂದರಕಾಂಡದಲ್ಲಿ ಹನುಮಂತ ಲಂಕೆಯ ಅರಮನೆಯಲ್ಲಿ ನಿದ್ದೆಹೋದ ರಾವಣನನ್ನು ನೋಡುತ್ತಾನೆ. ದಪ್ಪ ತೋಳುಗಳು, ಮೈಗೆ ಚಂದನ. ಆ ತೋಳುಗಳ ಮೇಲೆ ಐರಾವತದ ದಂತ ತಿವಿದ ಕಲೆಗಳು, ಹೆಗಲ ಮೇಲೆ ವಜ್ರಾಯುಧದ ಗೀರು, ವಿಷ್ಣುವಿನ ಚಕ್ರ ತಗುಲಿದ ಗಾಯದ ಗುರುತು. ಇವೆಲ್ಲ ಅವನ ಬಾಯಿಂದ ಬಂದ ಮಾತಲ್ಲ, ಶತ್ರುವಿನ ದೂತ ಕಣ್ಣಾರೆ ಕಂಡದ್ದು. ಅಷ್ಟು ಪೆಟ್ಟು ತಿಂದು ಉಳಿದವನು ಸಾಮಾನ್ಯನಲ್ಲ. ಮುಂದೆ ಯುದ್ಧದಲ್ಲಿ ಅವನ ಗುದ್ದಿಗೆ ಹನುಮಂತನೇ ತತ್ತರಿಸಿದ.

ಜೈನ ರಾಮಾಯಣದ ದಾರಿ ಬೇರೆ. 12ನೆಯ ಶತಮಾನದಲ್ಲಿ ನಾಗಚಂದ್ರ ಬರೆದ ರಾಮಚಂದ್ರಚರಿತಪುರಾಣದಲ್ಲಿ ರಾವಣ ಗುಣವಂತ ವೀರ, ಒಂದು ಮೋಹಕ್ಕೆ ಕೆಟ್ಟವನು, ಅವನನ್ನು ಕೊಲ್ಲುವವನು ಲಕ್ಷ್ಮಣ. ಕನ್ನಡದವರಿಗೆ ರಾವಣನ ಮೇಲೆ ಇರುವ ಒಂದು ಬಗೆಯ ಮರುಕಕ್ಕೆ ಈ ಕಾವ್ಯದ ಪಾಲು ದೊಡ್ಡದು.

ದೊಡ್ಡಾಟ, ತೊಗಲುಗೊಂಬೆ, ಜಪಾನಿನ ಅನಿಮೆ

ಈ ಸೀಮೆಯ ಹಳ್ಳಿಗಳಲ್ಲಿ ರಾವಣನ ಬಲ ತಿಳಿಯುವುದು ಗ್ರಂಥದಿಂದಲ್ಲ, ದೊಡ್ಡಾಟದಿಂದ. ಭುಜಕೀರ್ತಿ, ಕಿರೀಟ ತೊಟ್ಟ ಪಾತ್ರಧಾರಿ ಅಟ್ಟದ ಹಲಗೆ ಗುಡುಗುವಂತೆ ಹೆಜ್ಜೆ ಹಾಕುತ್ತಾನೆ. ಯಾರಪ್ಪಾ ನೀನು ಎಂದು ಸಾರಥಿ ಕೇಳುತ್ತಾನೆ. ಅವನು ತನ್ನ ಬಿರುದುಗಳನ್ನೆಲ್ಲ ತಾನೇ ಹೇಳಿಕೊಳ್ಳುತ್ತಾನೆ. ಬಳ್ಳಾರಿ, ಚಿತ್ರದುರ್ಗ ಕಡೆಯ ತೊಗಲುಗೊಂಬೆಯಾಟದಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರ, ಹಾಗಾಗಿ ಲಂಕೆಯ ರಾಜನಿಗೆ ಪರದೆಯ ಬಹುಪಾಲು ಮೀಸಲು. ನೋಡುವವನಿಗೆ ಅವನು ಗೆಲ್ಲಲಾಗದವನೆಂದೇ ಅನ್ನಿಸಬೇಕು.

ಅದೇ ರಾವಣ ಅನಿಮೆಯಲ್ಲೂ ಖಳನಾದ. ಪುರಾತತ್ವಜ್ಞ ಬಿ. ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು 1983ರಲ್ಲಿ ಭಾರತಕ್ಕೆ ಬಂದ ಜಪಾನಿನ ಯುಗೊ ಸಾಕೊ, ರಾಮಾಯಣಕ್ಕೆ ಮನಸೋತು, ಕೊಯಿಚಿ ಸಸಾಕಿ ಮತ್ತು ನಮ್ಮ ರಾಮ್ ಮೋಹನ್ ಜೊತೆ ಸೇರಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ಚಿತ್ರ ಮಾಡಿದರು. 1990ರ ದಶಕದ ಆರಂಭದಲ್ಲಿ ತಯಾರಾದ ಈ ಚಿತ್ರದ ಹಿಂದಿ ಆವೃತ್ತಿಯಲ್ಲಿ ರಾವಣನಿಗೆ ದನಿಯಾದವರು ಅಮರೀಶ್ ಪುರಿ. 2025ರ ಜನವರಿ 24ರಂದು ಅದು ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂತು. ಯಾವ ಪಾತ್ರಕ್ಕೆ ಎಷ್ಟು ಶಕ್ತಿ ಎಂದು ವಾದ ಮಾಡುವ ಈಗಿನ ಹುಡುಗರಿಗೆ ರಾವಣ ಪರಿಚಯವಾಗಲು ಇದು ಒಳ್ಳೆಯ ದಾರಿ.

ಯಾರಿಗೆ ಯಾವ ಸ್ಥಾನ

ನನ್ನ ತೀರ್ಪು ಇಷ್ಟು. ಒಂಟಿ ಹೋರಾಟದಲ್ಲಿ ವಾಲಿ, ಕಾರ್ತವೀರ್ಯ ಇಬ್ಬರೂ ರಾವಣನಿಗಿಂತ ಮೇಲು. ರಾಮ ಇವರೆಲ್ಲರಿಗಿಂತ ಮೇಲಿದ್ದರೂ, ರಾವಣನ ತಲೆಗಳು ಮತ್ತೆ ಮತ್ತೆ ಬೆಳೆದಿದ್ದರಿಂದ ಅವನೂ ಕೊನೆಗೆ ಬ್ರಹ್ಮಾಸ್ತ್ರವನ್ನೇ ತೆಗೆಯಬೇಕಾಯಿತು. ಇಂದ್ರ, ಕುಬೇರರಿಗಿಂತ ರಾವಣ ಖಂಡಿತ ಬಲಶಾಲಿ. ಮೊಳಕಾಲ್ಮೂರಿನ ಬೆಟ್ಟದ ಹದ್ದಿನ ಜೊತೆ ತೂಗಿದರೆ ಮಾತ್ರ, ವರವನ್ನು ಬದಿಗಿಟ್ಟು ನೋಡಿ, ನಾನು ಜಟಾಯುವನ್ನೇ ಮೇಲಿಡುತ್ತೇನೆ.